ಕಲ್ಲುಹೂವು ತಿಂದು ಬದುಕುವ ಪತಂಗಗಳು

ಪ್ರಶ್ನೆ: ನಮ್ಮ ಮನೆಯ ಹಳೇ ಕಾಂಪೌಂಡ್ ಗೋಡೆ ಮತ್ತು ಪಕ್ಕದ ಮರದ ಕಾಂಡದ ಮೇಲೆ ಬೂದು-ಹಸಿರು ಬಣ್ಣದ ಕಲ್ಲುಹೂವು ಬೆಳೆದಿದೆ. ಅದರ ಮೇಲೆ ಸಣ್ಣ ಸಣ್ಣ ಕಂಬಳಿಹುಳುಗಳು ಓಡಾಡುತ್ತಿದ್ದವು. ಅವು ಓಡಾಡಿದ ಕಡೆ ಬಿಳಿ ಕಲೆಗಳು ಕಾಣಿಸಿಕೊಂಡವು. ಕೆಲವು ದಿನಗಳ ನಂತರ ಅಲ್ಲೇ ಕೂದಲಿನಿಂದ ಹೆಣೆದ ಪುಟ್ಟ ಪಂಜರದಂಥದ್ದು ಕಂಡಿತು, ಅದರೊಳಗೆ ಕೋಶ ತೂಗಾಡುತ್ತಿತ್ತು. ಕೊನೆಗೆ ಬಿಳಿ ರೆಕ್ಕೆ ಮೇಲೆ ಕೆಂಪು ಪಟ್ಟೆ ಇರುವ ಪತಂಗ ಬಂತು. ಈ ಹುಳು ನಿಜಕ್ಕೂ ಕಲ್ಲುಹೂವನ್ನು ತಿನ್ನುತ್ತದೆಯೇ? ಅದರಲ್ಲಿ ತಿನ್ನಲು ಏನಿದೆ? ಮರಕ್ಕೆ ತೊಂದರೆ ಆಗುತ್ತದೆಯೇ, ಕೆರೆದು ತೆಗೆಯಬೇಕೇ? ಶಾಲೆಯಲ್ಲಿ ಓದಿದ್ದ ಇಂಗ್ಲೆಂಡಿನ ಕಪ್ಪು-ಬಿಳಿ ಪತಂಗಕ್ಕೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ: ಹೌದು, ಅವು ಕಲ್ಲುಹೂವನ್ನೇ ತಿನ್ನುತ್ತವೆ. ಮರದ ಎಲೆಯ ತಂಟೆಗೆ ಹೋಗುವುದಿಲ್ಲ. ಹುಳದಿಂದ ಮರಕ್ಕೂ ಗೋಡೆಗೂ ಏನೂ ಆಗುವುದಿಲ್ಲ. ಹಾಗಾಗಿ ದಯವಿಟ್ಟು ಕೆರೆಯಬೇಡಿ.

ಪಂಜರ ಮತ್ತು ರೆಕ್ಕೆಯ ಬಣ್ಣ ನೀವು ಹೇಳಿದ ಹಾಗೇ ಇದ್ದರೆ, ಅದು ಸಯಾನಾ ಎಂಬ ಕುಲದ ಪತಂಗ. ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾಗಳಲ್ಲಿ ಈ ಕುಲದ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಬಿಳಿ ರೆಕ್ಕೆ, ಕೆಂಪು ಅಥವಾ ಕಿತ್ತಳೆ ಪಟ್ಟೆ, ನಡುವೆ ಕಪ್ಪು ಚುಕ್ಕೆ, ಹೀಗೆ ಎಲ್ಲವೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಸಯಾನಾ ಸೇರಿರುವ ದೊಡ್ಡ ಗುಂಪಿನ ಹೆಸರು ಲಿಥೋಸಿಯೈನಿ. ಇಂಗ್ಲಿಷಿನಲ್ಲಿ ಇವನ್ನು ಫುಟ್‌ಮನ್ ಪತಂಗ ಅಂತಲೂ ಕರೆಯುತ್ತಾರೆ. ಲೋಕದಲ್ಲಿ ಇವುಗಳ 3,000ಕ್ಕೂ ಹೆಚ್ಚು ಪ್ರಭೇದಗಳು ಗೊತ್ತಿವೆ. ಬಹುಪಾಲು ಹುಳುಗಳ ಊಟ ಕಲ್ಲುಹೂವು. ಕೆಲವು ಮಾತ್ರ ಪಾಚಿ, ಹಾವಸೆ ತಿನ್ನುತ್ತವೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನೀವು ನೋಡಿದ ಬಿಳಿ ಕಲೆ, ಹುಳುವಿನ ಕೂದಲು, ಪತಂಗದ ಎದ್ದು ಕಾಣುವ ಬಣ್ಣ, ಇವನ್ನು ಬಿಡಿಬಿಡಿಯಾಗಿ ನೋಡಿದರೆ ವಿಚಿತ್ರ ಅನ್ನಿಸುತ್ತದೆ. ಊಟದ ಕಡೆಯಿಂದ ನೋಡುತ್ತಾ ಬಂದರೆ ಹೆಚ್ಚಿನದಕ್ಕೆ ಕಾರಣ ಸಿಗುತ್ತದೆ. ಕಲ್ಲುಹೂವು ಅಷ್ಟು ಕಷ್ಟದ ಊಟ.

ಕಲ್ಲುಹೂವು ಒಂದೇ ಜೀವಿ ಅಲ್ಲ. ಒಂದು ಶಿಲೀಂಧ್ರ, ಅದರೊಳಗೆ ಪಾಚಿ ಅಥವಾ ಸಯನೋಬ್ಯಾಕ್ಟೀರಿಯಾ (ಪಾಚಿಯ ಹಾಗೆ ಬಿಸಿಲಿನಿಂದ ಊಟ ತಯಾರಿಸುವ ಬ್ಯಾಕ್ಟೀರಿಯಾ), ಎರಡೂ ಕೂಡಿ ಬಾಳುವ ವ್ಯವಸ್ಥೆ ಅದು. ಪಾಚಿ ಬಿಸಿಲಿನಿಂದ ಸಕ್ಕರೆ ತಯಾರಿಸುತ್ತದೆ, ಶಿಲೀಂಧ್ರ ಮನೆ ಕಟ್ಟಿ ಅದನ್ನು ಕಾಪಾಡುತ್ತದೆ. 1860ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಸೈಮನ್ ಶ್ವೆಂಡನರ್ ಈ ಮಾತು ಹೇಳಿದಾಗ ಆ ಕಾಲದ ಹೆಸರಾಂತ ಕಲ್ಲುಹೂವು ತಜ್ಞರೇ ಒಪ್ಪಲಿಲ್ಲ. ಈಗ ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಅಡ್ಡಕ್ಕೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪದರಗಳು ಚೆನ್ನಾಗಿ ಕಾಣುತ್ತವೆ. ಮೇಲೆ ಗಟ್ಟಿ ಸಿಪ್ಪೆ, ಅದರ ಕೆಳಗೆ ತೆಳು ಹಸಿರು ಪದರ, ಅದರ ಕೆಳಗೆ ಬಿಳಿ ಎಳೆಗಳ ಹತ್ತಿಯಂಥ ತಿರುಳು.

ಬಿಳಿ ಕಲೆಗೆ ಉತ್ತರ ಇಲ್ಲೇ ಇದೆ. ಹುಳಕ್ಕೆ ಜಾಸ್ತಿ ಬೇಕಾಗಿರುವುದು ಆ ಹಸಿರು ಪದರ. ಮೇಲಿನ ಸಿಪ್ಪೆ ಮತ್ತು ಹಸಿರು ಪದರವನ್ನು ಕೆರೆದು ತಿಂದು, ತಿರುಳನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತದೆ. ಉಳಿದ ತಿರುಳೇ ನಿಮಗೆ ಬಿಳಿಯಾಗಿ ಕಂಡದ್ದು. ಮರದ ಮೇಲೆ ಹುಳು ಕಾಣದಿದ್ದರೂ ಇಂಥ ಕಲೆ ಕಂಡರೆ ಯಾರೋ ಅಲ್ಲಿ ಮೇಯ್ದಿದ್ದಾರೆ ಅಂತ ತಿಳಿಯಬಹುದು. ಬಸವನಹುಳು, ಗೊಂಡೆಹುಳುಗಳೂ ಹೀಗೇ ಕೆರೆಯುತ್ತವೆ, ಆದರೆ ಅವು ಹೋದ ದಾರಿಯಲ್ಲಿ ಲೋಳೆಯ ಗೆರೆ ಇರುತ್ತದೆ.

ಕೆರೆಯುವುದೂ ಸುಲಭದ ಕೆಲಸವಲ್ಲ. ಒಣಗಿದ ಕಲ್ಲುಹೂವನ್ನು ಬೆರಳಲ್ಲಿ ಉಜ್ಜಿ ನೋಡಿ, ಎಷ್ಟು ಬಿರುಸು ಅಂತ ಗೊತ್ತಾಗುತ್ತದೆ. ಎಲೆ ತಿನ್ನುವ ಹುಳುಗಳ ದವಡೆ ಕತ್ತರಿಸಲು ಹೇಳಿಮಾಡಿಸಿದ್ದು. ಲಿಥೋಸಿಯೈನಿ ಹುಳುಗಳ ದವಡೆಯ ಒಳಬದಿಯಲ್ಲಿ ಇನ್ನೊಂದು ಭಾಗ ಇದೆ, ಅರೆಯುವುದಕ್ಕೆಂದೇ ಇರುವ ಉಬ್ಬು. ಎರಡು ದವಡೆಯ ಉಬ್ಬುಗಳು ಬೀಸುಕಲ್ಲಿನ ಹಾಗೆ ಸೇರಿ ಕೆರೆದ ಚೂರನ್ನು ಪುಡಿ ಮಾಡುತ್ತವೆ. ಪಾಚಿಯ ಜೀವಕೋಶಗಳಾಗಲಿ ಶಿಲೀಂಧ್ರದ ಎಳೆಗಳಾಗಲಿ ಒಡೆಯದಿದ್ದರೆ ಒಳಗಿನ ಸತ್ವ ಹೊಟ್ಟೆಗೆ ದಕ್ಕುವುದಿಲ್ಲ. ಈ ಉಬ್ಬು ಎಷ್ಟು ಖಾಸಾ ಲಕ್ಷಣ ಎಂದರೆ, ಯಾವ ಪತಂಗ ಈ ಗುಂಪಿಗೆ ಸೇರುತ್ತದೆ ಎಂದು ತೀರ್ಮಾನಿಸುವಾಗ ತಜ್ಞರು ಹುಳುವಿನ ದವಡೆಯನ್ನೂ ನೋಡುತ್ತಾರೆ.

ಇನ್ನೊಂದು ತೊಡಕು ನೀರು. ಕಲ್ಲುಹೂವಿಗೆ ಬೇರಿಲ್ಲ, ನೀರನ್ನು ಹಿಡಿದಿಟ್ಟುಕೊಳ್ಳುವ ಉಪಾಯವೂ ಇಲ್ಲ. ಮಳೆ ಬಂದರೆ, ಇಬ್ಬನಿ ಬಿದ್ದರೆ ನಿಮಿಷಗಳಲ್ಲಿ ನೆನೆದು ಮೆತ್ತಗಾಗುತ್ತದೆ. ಬಿಸಿಲು ಬಿದ್ದರೆ ಒಣಗಿ ಗರಿಗರಿಯಾಗುತ್ತದೆ. ಹಾಗಾಗಿ ಹುಳುಗಳು ಊಟಕ್ಕೆ ಸಮಯ ನೋಡುತ್ತವೆ. ರಾತ್ರಿ, ನಸುಕು, ಮಳೆ ನಿಂತ ಮೇಲಿನ ಹೊತ್ತು, ಇಷ್ಟೇ ಅವುಗಳ ಒಳ್ಳೆಯ ಗಳಿಗೆ. ಹಗಲಿನಲ್ಲಿ ತೊಗಟೆಯ ಬಿರುಕಿನಲ್ಲೋ ಕಲ್ಲಿನ ಸಂದಿಯಲ್ಲೋ ಸುಮ್ನೆ ಕೂತಿರುತ್ತವೆ. ಹಗಲು ಹುಡುಕಿ ಏನೂ ಸಿಗದೆ, ಇಲ್ಲಿ ಹುಳುಗಳೇ ಇಲ್ಲ ಎಂದುಕೊಂಡವರು ಬಹಳ ಜನ. ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ಅದೇ ಕಾಂಡವನ್ನು ನೋಡಿ.

ಇಷ್ಟೆಲ್ಲ ಮಾಡಿ ತಿಂದರೂ ಸಿಗುವುದು ಕಡಿಮೆ. ಮೈ ಬೆಳೆಯಲು ಪ್ರೋಟೀನು ಬೇಕು, ಪ್ರೋಟೀನಿಗೆ ಸಾರಜನಕ ಬೇಕು. ಹಸಿರು ಪಾಚಿ ಇರುವ ಸಾಮಾನ್ಯ ಕಲ್ಲುಹೂವಿನಲ್ಲಿ ಸಾರಜನಕ ತೀರ ಕಡಿಮೆ. ಸಯನೋಬ್ಯಾಕ್ಟೀರಿಯಾ ಇರುವ ಬಗೆಗಳಲ್ಲಿ ಜಾಸ್ತಿ ಇರುತ್ತದೆ, ಆದರೆ ಅಂಥವು ಹತ್ತರಲ್ಲಿ ಒಂದರಷ್ಟು ಮಾತ್ರ. ಆದ್ದರಿಂದ ಈ ಹುಳುಗಳಿಗೆ ಆತುರ ಇಲ್ಲ. ಚಳಿ ದೇಶಗಳಲ್ಲಿ ಎಷ್ಟೋ ಫುಟ್‌ಮನ್ ಹುಳುಗಳು ಬೇಸಿಗೆಯ ಕೊನೆಯಲ್ಲಿ ಮೊಟ್ಟೆಯಿಂದ ಹೊರಬಂದು, ಸ್ವಲ್ಪ ತಿಂದು, ಚಿಕ್ಕ ಹುಳುವಾಗಿಯೇ ಚಳಿಗಾಲ ಕಳೆದು, ಮುಂದಿನ ಬೇಸಿಗೆಯ ಹೊತ್ತಿಗೆ ಕೋಶ ಕಟ್ಟುತ್ತವೆ. ಕೆಲವೇ ವಾರಗಳ ಪತಂಗ ಜೀವನಕ್ಕೆ ವರ್ಷದ ಬಹುಭಾಗ ಹುಳುವಾಗಿ ಕಳೆಯಬೇಕು.

ಹಾಗಾದರೆ ಇಂಥ ಊಟವನ್ನು ಯಾಕೆ ಆರಿಸಿಕೊಂಡವು? ನನಗೆ ಸರಿ ಅನ್ನಿಸುವ ಉತ್ತರ ಇದು: ಪೈಪೋಟಿ ಕಡಿಮೆ. ಪತಂಗ-ಚಿಟ್ಟೆಗಳಲ್ಲಿ ಬಹುಪಾಲು ಹಸಿರು ಗಿಡಗಳನ್ನೇ ನೆಚ್ಚಿಕೊಂಡಿವೆ. ಕಲ್ಲುಹೂವು ಎಲೆಯ ಹಾಗೆ ಉದುರಿ ಹೋಗುವುದಿಲ್ಲ, ವರ್ಷವಿಡೀ ಇದ್ದಲ್ಲೇ ಇರುತ್ತದೆ. ನಿಧಾನವಾಗಿ ತಿನ್ನುವವರಿಗೆ ಇದು ಅನುಕೂಲ ಅಲ್ವಾ? ಪತಂಗಗಳ ಬೇರೆ ಬೇರೆ ಕುಟುಂಬಗಳು ತಾವು ತಾವಾಗಿಯೇ ಈ ಊಟಕ್ಕೆ ಬಂದು ಸೇರಿವೆ ಎನ್ನುವುದು ನನ್ನ ಮಾತಿಗೆ ಸ್ವಲ್ಪ ಬಲ ಕೊಡುತ್ತದೆ.

ಈಗ ವಿಷದ ಮಾತಿಗೆ ಬರುತ್ತೇನೆ. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು. ನಿಧಾನ ಬೆಳೆಯುವ, ಓಡಲಾರದ ಜೀವಿ ತನ್ನನ್ನು ಕಾಪಾಡಿಕೊಳ್ಳಲು ರಸಾಯನ ತಯಾರಿಸುತ್ತದೆ. ಕಲ್ಲುಹೂವುಗಳಲ್ಲಿ ಇಂಥ ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಗುರುತಿಸಿದ್ದಾರೆ. ಅಸ್ನಿಕ್ ಆಮ್ಲ, ಅಟ್ರನೋರಿನ್, ಪರೈಟಿನ್ ಹೀಗೆ. ಹೆಚ್ಚಿನವು ಫೀನಾಲ್ ಜಾತಿಯವು, ತಯಾರಿಸುವುದು ಶಿಲೀಂಧ್ರ. ಕೆಲವು ಬಿಸಿಲಿನ ಏಟಿನಿಂದ ಪಾಚಿಯನ್ನು ಕಾಪಾಡುತ್ತವೆ. ಗೋಡೆಗಳ ಮೇಲೆ ಹಳದಿ-ಕಿತ್ತಳೆಯಾಗಿ ಹರಡುವ ಕ್ಸ್ಯಾಂಥೋರಿಯಾಗೆ ಆ ಬಣ್ಣ ಬಂದಿರುವುದು ಪರೈಟಿನ್‌ನಿಂದ. ಕೆಲವು ತಿನ್ನಲು ಬಂದವರನ್ನು ಓಡಿಸುತ್ತವೆ. ವಲ್ಪಿನಿಕ್ ಆಮ್ಲ ಎಂಬುದು ಎಷ್ಟು ವಿಷ ಎಂದರೆ, ಅದು ತುಂಬಿರುವ ಹಳದಿ ಕಲ್ಲುಹೂವೊಂದನ್ನು ಉತ್ತರ ಯೂರೋಪಿನಲ್ಲಿ ಹಿಂದೆ ತೋಳಗಳಿಗೆ ವಿಷವಿಡಲು ಬಳಸುತ್ತಿದ್ದರು.

ಈ ವಸ್ತುಗಳು ಹುಳುವಿಗೆ ನಿಜವಾಗಿ ಅಡ್ಡಿಯೇ? ಫಿನ್ಲೆಂಡಿನ ಸಂಶೋಧಕರು ಇದನ್ನು ಚಂದವಾಗಿ ಪರೀಕ್ಷಿಸಿದರು. ಒಣ ಕಲ್ಲುಹೂವನ್ನು ಅಸಿಟೋನ್‌ನಲ್ಲಿ ತೊಳೆದರೆ ಆ ರಸಾಯನಗಳು ಕರಗಿ ಹೊರಬರುತ್ತವೆ, ಕಲ್ಲುಹೂವು ಸಾಯುವುದಿಲ್ಲ. ತೊಳೆದದ್ದನ್ನೂ ತೊಳೆಯದ್ದನ್ನೂ ಫುಟ್‌ಮನ್ ಹುಳುಗಳ ಮುಂದಿಟ್ಟರು. ಹಾಗೇ ಕೊಟ್ಟಾಗ ಹುಳುಗಳು ಬದುಕಲಾರದ ಕೆಲವು ಬಗೆಗಳ ಮೇಲೆ, ತೊಳೆದು ಕೊಟ್ಟ ಮೇಲೆ ಅವು ಬದುಕಿದವು. ಅಂದರೆ ಕಲ್ಲುಹೂವು ತಿನ್ನುವ ಹುಳು ಎಂದ ಮಾತ್ರಕ್ಕೆ ಎಲ್ಲ ಕಲ್ಲುಹೂವೂ ಅದಕ್ಕೆ ಸರಿ ಎಂದಲ್ಲ. ಅದೂ ಆರಿಸುತ್ತದೆ. ನಿಮ್ಮ ಮರದ ಮೇಲೆ ಎರಡು ಮೂರು ಬಗೆ ಇದ್ದರೆ, ಬಿಳಿ ಕಲೆ ಯಾವುದರ ಮೇಲೆ ಜಾಸ್ತಿ ಇದೆ ನೋಡಿ.

ತಿಂದ ರಸಾಯನವನ್ನೆಲ್ಲ ಹುಳು ಹಿಕ್ಕೆಯಲ್ಲಿ ಹೊರಹಾಕಿಬಿಡುವುದಿಲ್ಲ. ಒಂದಷ್ಟನ್ನು ಮೈಯಲ್ಲೇ ಉಳಿಸಿಕೊಳ್ಳುತ್ತದೆ. ಯೂರೋಪಿನ ಹಲವು ಫುಟ್‌ಮನ್ ಪತಂಗಗಳನ್ನು ಪರೀಕ್ಷಿಸಿದಾಗ, ರೆಕ್ಕೆ ಬಂದ ಪತಂಗದ ಮೈಯಲ್ಲೂ ಕಲ್ಲುಹೂವಿನ ವಸ್ತುಗಳು ಸಿಕ್ಕಿವೆ. ಹುಳುವಾಗಿದ್ದಾಗ ತಿಂದದ್ದು ಕೋಶವನ್ನು ದಾಟಿ ಬಂದಿದೆ. ಇವುಗಳ ಹತ್ತಿರದ ಬಂಧುಗಳಾದ ಟೈಗರ್ ಪತಂಗಗಳು ಗಿಡಗಳಿಂದ ಇದೇ ರೀತಿ ವಿಷ ಎತ್ತಿಕೊಳ್ಳುತ್ತವೆ. ಇವು ಕಲ್ಲುಹೂವಿನಿಂದ ಎತ್ತಿಕೊಂಡಿವೆ. ನೀವು ಕಂಡ ಕೆಂಪು-ಬಿಳಿ ಬಣ್ಣವನ್ನು ಈ ಬೆಳಕಿನಲ್ಲಿ ನೋಡಬೇಕು. ಕಹಿಯಾದವರು ಅಡಗಿಕೊಳ್ಳಬೇಕಿಲ್ಲ. ಒಮ್ಮೆ ಬಾಯಿಗೆ ಹಾಕಿಕೊಂಡು ಉಗುಳಿದ ಹಕ್ಕಿ ಆ ಬಣ್ಣವನ್ನು ನೆನಪಿಟ್ಟುಕೊಳ್ಳುತ್ತದೆ. ಉತ್ತರ ಅಮೆರಿಕದ ಲೈಕೊಮಾರ್ಫಾ ಎಂಬ ಪತಂಗ ಹಗಲಿನಲ್ಲೇ ಹೂವಿನಿಂದ ಹೂವಿಗೆ ಹಾರುತ್ತದೆ. ಅದರ ಕಪ್ಪು-ಹಳದಿ ರೆಕ್ಕೆ, ಹಕ್ಕಿಗಳು ಮುಟ್ಟದ ಲೈಸಿಡ್ ದುಂಬಿಗಳನ್ನೇ ಹೋಲುತ್ತದೆ.

ಕತ್ತಲಲ್ಲಿ ಬಣ್ಣದಿಂದ ಏನು ಪ್ರಯೋಜನ? ಬಾವಲಿ ಬಣ್ಣ ನೋಡಿ ಬೇಟೆಯಾಡುವುದಿಲ್ಲ. ಅದಕ್ಕೆ ಶಬ್ದ ಇದೆ. ಈ ಪತಂಗಗಳ ಎದೆಯ ಪಕ್ಕದಲ್ಲಿ ಬಾವಲಿಯ ಕೂಗು ಕೇಳಬಲ್ಲ ಕಿವಿಗಳಿವೆ. ಹಲವು ಬಗೆಗಳಲ್ಲಿ ಅಲ್ಲೇ ಒಂದು ತೆಳು ತಗಡಿನಂಥ ಭಾಗವೂ ಇದೆ, ಅದು ಒಳಕ್ಕೆ ಹೊರಕ್ಕೆ ಬಾಗಿದಾಗ ಚಿಟ್ ಚಿಟ್ ಎನ್ನುತ್ತದೆ. ನಾನು ಕಹಿ ಎಂದು ಬಾವಲಿಗೆ ಮೊದಲೇ ತಿಳಿಸುವ ದಾರಿ ಇದು. ಯೂರೋಪಿನ ಸೆಟೀನಾ ಎಂಬ ಫುಟ್‌ಮನ್ ಪತಂಗದ ಶಬ್ದ ಮನುಷ್ಯರ ಕಿವಿಗೂ ಬೀಳುತ್ತದೆ. ಅದು ಗಡಿಯಾರದ ಟಿಕ್ ಟಿಕ್‌ನಂತಿದೆ ಎಂದು ಫ್ರೆಂಚ್ ಕೀಟತಜ್ಞ ಗೆನೆ ಬರೆದಿದ್ದರು. 1871ರಲ್ಲಿ ಚಾರ್ಲ್ಸ್ ಡಾರ್ವಿನ್ ಆ ಮಾತನ್ನು ಎತ್ತಿ ಹೇಳಿ, ಶಬ್ದ ಮಾಡುವ ಅಂಗ ಗಂಡಿನಲ್ಲೇ ದೊಡ್ಡದು ಎಂಬುದನ್ನು ಗಮನಿಸಿದರು. ಅಂದರೆ ಈ ಸದ್ದು ಬಾವಲಿಗೆ ಮಾತ್ರ ಅಲ್ಲ, ಹೆಣ್ಣಿಗೂ ಇರಬೇಕು.

ಪಂಜರದ ವಿಷಯ. ಸಯಾನಾ ಹುಳು ಕೋಶವಾಗುವ ಮೊದಲು ತನ್ನ ಮೈಯ ಉದ್ದ ಕೂದಲನ್ನು ಕಿತ್ತು, ಬಾಯಿಯಿಂದ ಬರುವ ರೇಷ್ಮೆ ಎಳೆಯಲ್ಲಿ ಒಂದಕ್ಕೊಂದು ಕಟ್ಟಿ, ಸುತ್ತಲೂ ಬಲೆಯಂಥ ಗೂಡು ಹೆಣೆಯುತ್ತದೆ. ಸಾಮಾನ್ಯ ರೇಷ್ಮೆಗೂಡಿನಂತೆ ಅದು ಒತ್ತಾಗಿ ಇರುವುದಿಲ್ಲ, ಕಣ್ಣು ಕಣ್ಣಾಗಿ ತೆರೆದಿರುತ್ತದೆ. ಕೋಶ ಅದರ ನಟ್ಟನಡುವೆ ಎಳೆಗಳ ಮೇಲೆ ತೂಗುತ್ತದೆ, ಗೋಡೆಗೆ ತಾಗುವುದಿಲ್ಲ. ಇರುವೆಯಂಥ ಸಣ್ಣ ಬೇಟೆಗಾರ ಬಂದರೆ ಅದಕ್ಕೆ ಮೊದಲು ಸಿಗುವುದು ಕೂದಲಿನ ಬೇಲಿ. ಅದರಾಚೆ ಖಾಲಿ ಜಾಗ. ನನ್ನ ಪ್ರಕಾರ ಆ ಖಾಲಿ ಜಾಗವೇ ಇದರ ಜಾಣತನ. ಕಡಿಮೆ ನೂಲಿನಲ್ಲಿ ದೊಡ್ಡ ಗೂಡು ಆಗುತ್ತದೆ. ಪ್ರೋಟೀನಿಗೆ ಬರ ಇರುವ ಹುಳು ರೇಷ್ಮೆಯಲ್ಲಿ ಹಿಡಿತ ಮಾಡುವುದು, ಹೇಗೂ ಬಿಟ್ಟುಹೋಗುವ ಕೂದಲನ್ನು ಕೆಲಸಕ್ಕೆ ಹಚ್ಚುವುದು, ಎರಡೂ ಲೆಕ್ಕಕ್ಕೆ ಸರಿಹೊಂದುತ್ತವೆ.

ಲಿಥೋಸಿಯೈನಿ ಬಿಟ್ಟು ಬೇರೆ ಗುಂಪುಗಳೂ ಇವೆ ಎಂದೆನಲ್ಲ. ಅವುಗಳ ದಾರಿ ಬೇರೆ. ಯೂರೋಪಿನ ಕ್ಲಿಯೊರೋಡೆಸ್ ಎಂಬ ಪತಂಗದ ಹುಳು ಬೂದು-ಹಸಿರು ಬಣ್ಣ, ಗಂಟುಗಂಟು ಮೈ, ನಡುನಡುವೆ ಕಪ್ಪು ಮಚ್ಚೆಗಳಿಂದ ಥೇಟ್ ಕಲ್ಲುಹೂವಿನ ಚೂರೇ. ಅದು ಅಲ್ಲಾಡುವವರೆಗೆ ಕಣ್ಣಿಗೆ ಬೀಳುವುದಿಲ್ಲ. ಬ್ರಯೋಫಿಲಾ ಎಂಬ ಪತಂಗಗಳ ಹುಳುಗಳು ಗೋಡೆಯ ಸಂದಿಯಲ್ಲಿ ರೇಷ್ಮೆ ಹಾಸಿದ ಪುಟ್ಟ ಅಡಗುತಾಣ ಮಾಡಿಕೊಂಡು, ರಾತ್ರಿ ಮಾತ್ರ ಹೊರಬಂದು ತಿಂದು ಹೋಗುತ್ತವೆ.

ಚೀಲ ಹೊತ್ತು ತಿರುಗುವ ಹುಳುಗಳು ಇನ್ನೂ ಸ್ವಾರಸ್ಯ. ಡಾಲಿಕಾ ಎಂಬ ಕುಲವನ್ನು ತೆಗೆದುಕೊಳ್ಳಿ. ಹುಳು ರೇಷ್ಮೆಯಲ್ಲಿ ಒಂದು ಚೀಲ ಮಾಡಿ, ಮೇಲೆ ಮರಳು, ಕಲ್ಲುಹೂವಿನ ಪುಡಿ ಅಂಟಿಸಿಕೊಂಡು ಅದರೊಳಗೇ ಬಾಳುತ್ತದೆ. ಕಲ್ಲುಹೂವು, ಪಾಚಿ, ಸತ್ತ ಕೀಟದ ಚೂರು ತಿನ್ನುತ್ತದೆ. ಹೆಣ್ಣಿಗೆ ರೆಕ್ಕೆಯೇ ಬರುವುದಿಲ್ಲ. ಡಾಲಿಕಾ ಟ್ರೈಕ್ವೆಟ್ರೆಲ್ಲಾ ಎಂಬ ಪ್ರಭೇದದಲ್ಲಿ ಎಷ್ಟೋ ಕಡೆ ಗಂಡೇ ಇಲ್ಲ. ಹೆಣ್ಣು ಕೂಡದೆಯೇ ಮೊಟ್ಟೆ ಇಡುತ್ತದೆ, ಅದರಿಂದ ಮತ್ತೆ ಹೆಣ್ಣುಗಳೇ ಹುಟ್ಟುತ್ತವೆ. ಜ್ಯೂರಿಕ್‌ನಲ್ಲಿ ಕೆಲಸ ಮಾಡುತ್ತಿದ್ದ ಜಾಕೋಬ್ ಸೈಲರ್ ದಶಕಗಳ ಕಾಲ ಇದರ ಹಿಂದೆ ಬಿದ್ದಿದ್ದರು. ಕಳೆದ ಹಿಮಯುಗದಲ್ಲಿ ಹಿಮ ಮುಚ್ಚದೆ ಉಳಿದ ಜಾಗಗಳಲ್ಲಿ ಗಂಡು-ಹೆಣ್ಣು ಎರಡೂ ಇರುವ ಗುಂಪುಗಳಿವೆ, ಹಿಮ ಕರಗಿ ಆಮೇಲೆ ತೆರೆದ ಜಾಗಗಳಲ್ಲಿ ಬರೀ ಹೆಣ್ಣುಗಳ ಗುಂಪುಗಳಿವೆ ಎಂದು ಅವರು ಕಂಡುಕೊಂಡರು. ಹಾರಲಾರದ ಹೆಣ್ಣು ಹೊಸ ಜಾಗಕ್ಕೆ ಒಂಟಿಯಾಗಿ ತಲುಪಿದರೂ ಸಂತಾನ ಬೆಳೆಯುತ್ತದೆ. ಬರೀ ಬಂಡೆಯ ಮೇಲೂ ಕಲ್ಲುಹೂವು ಬೆಳೆಯುವುದರಿಂದ ಊಟಕ್ಕೂ ಕೊರತೆ ಆಗಲಿಲ್ಲ.

ನೀವು ಶಾಲೆಯಲ್ಲಿ ಓದಿದ್ದು ಬಿಸ್ಟನ್ ಬೆಟ್ಯುಲೇರಿಯಾ. ಅದು ಕಲ್ಲುಹೂವು ತಿನ್ನುವುದಿಲ್ಲ. ಅದರ ಹುಳು ಮರದ ಎಲೆ ತಿನ್ನುತ್ತದೆ. ರೆಕ್ಕೆಯ ಮೇಲಿನ ಕಪ್ಪು-ಬಿಳಿ ಚುಕ್ಕೆಗಳು ಕಲ್ಲುಹೂವು ಬೆಳೆದ ತೊಗಟೆಯೊಂದಿಗೆ ಬೆರೆತುಹೋಗುತ್ತವೆ ಅಷ್ಟೇ. ಮ್ಯಾಂಚೆಸ್ಟರ್‌ನಲ್ಲಿ 1848ರಲ್ಲಿ ಪೂರಾ ಕಪ್ಪು ಪತಂಗ ಸಿಕ್ಕಿತು. 1895ರ ಹೊತ್ತಿಗೆ ಅಲ್ಲಿನ 98% ಪತಂಗಗಳು ಕಪ್ಪಾಗಿದ್ದವು. ಮಸಿ ಕಾಂಡವನ್ನು ಕಪ್ಪಾಗಿಸಿತ್ತು, ಗಂಧಕದ ಡೈಆಕ್ಸೈಡ್ ಕಲ್ಲುಹೂವನ್ನು ಕೊಂದಿತ್ತು. ಗಾಳಿ ಶುದ್ಧವಾದ ಮೇಲೆ ಕಪ್ಪು ಕಡಿಮೆಯಾಯಿತು. ಕಲ್ಲುಹೂವು ವಾಪಸ್ ಬರುವ ಮೊದಲೇ ಕಪ್ಪು ಪತಂಗ ಕಡಿಮೆಯಾದ ಜಾಗಗಳೂ ಇರುವುದರಿಂದ, ಆ ಕಥೆಯಲ್ಲಿ ಕಲ್ಲುಹೂವಿನ ಪಾತ್ರವನ್ನು ಪಾಠಗಳು ಸ್ವಲ್ಪ ಜಾಸ್ತಿಯೇ ಹೇಳುತ್ತವೆ ಎನ್ನುವುದು ನನ್ನ ಅಭಿಪ್ರಾಯ.

ಗಾಳಿಯ ಕಥೆ ನೇರವಾಗಿ ತಟ್ಟುವುದು ನಿಮ್ಮ ಗೋಡೆಯ ಮೇಲಿರುವಂಥ ಪತಂಗಗಳಿಗೆ. ಅವುಗಳ ಊಟವೇ ಹೋಗಿಬಿಡುತ್ತದೆ. ಬ್ರಿಟನ್ನಿನಲ್ಲಿ 1956ರ ಶುದ್ಧ ಗಾಳಿ ಕಾಯಿದೆಯ ನಂತರ ಹೊಗೆ ಇಳಿಯಿತು, ನಿಧಾನವಾಗಿ ಕಲ್ಲುಹೂವು ಮರಳಿತು. ಅಲ್ಲಿ ಕಳೆದ ಐವತ್ತು ವರ್ಷಗಳಲ್ಲಿ ಬೇರೆ ಎಷ್ಟೋ ಪತಂಗಗಳು ಕಡಿಮೆಯಾಗುತ್ತಿರುವಾಗ ಹಲವು ಫುಟ್‌ಮನ್ ಪತಂಗಗಳು ತುಂಬಾ ಹೆಚ್ಚಿವೆ. ಬಿಸಿಯಾಗುತ್ತಿರುವ ಹವೆಯೂ ಇದಕ್ಕೆ ಕಾರಣ ಇರಬಹುದು, ಹಾಗಾಗಿ ಎಲ್ಲವನ್ನೂ ಶುದ್ಧ ಗಾಳಿಯ ಲೆಕ್ಕಕ್ಕೇ ಬರೆಯುವುದು ಸರಿಯಲ್ಲ. ಎಲ್ಲ ಕಲ್ಲುಹೂವೂ ಶುದ್ಧ ಗಾಳಿಯ ಗುರುತು ಎಂದುಕೊಳ್ಳಲೂಬಾರದು. ಕ್ಸ್ಯಾಂಥೋರಿಯಾಗೆ ಗೊಬ್ಬರ, ಸಗಣಿಯಿಂದ ಬರುವ ಅಮೋನಿಯಾ ಇದ್ದರೆ ಖುಷಿ.

ಕೊನೆಯ ಪ್ರಶ್ನೆ, ಮರದ್ದು. ಕಲ್ಲುಹೂವಿಗೆ ಮರ ಬರೀ ಕೂರುವ ಜಾಗ. ಅದು ಮರದ ರಸ ಹೀರುವುದಿಲ್ಲ. ಸೊರಗಿದ ಮರದ ಮೇಲೆ ಜಾಸ್ತಿ ಕಾಣುವುದಕ್ಕೆ ಕಾರಣ, ಎಲೆ ಉದುರಿ ಬೆಳಕು ಹೆಚ್ಚಾಗಿರುವುದು. ಹುಳು ಕೆರೆದ ಕಲ್ಲುಹೂವೂ ಸಾಮಾನ್ಯವಾಗಿ ಉಳಿದ ಅಂಚಿನಿಂದ ಮತ್ತೆ ಬೆಳೆಯುತ್ತದೆ. ಆದರೆ ಕೈಯಿಂದ ಪೂರಾ ಕೆರೆದರೆ ಕಷ್ಟ. ಬಂಡೆಗೆ ಅಂಟಿ ಬೆಳೆಯುವ ಕೆಲವು ಬಗೆಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಎಲೆಯಂಥವು ವರ್ಷಕ್ಕೆ ಕೆಲವು ಮಿಲಿಮೀಟರ್. ಅಂಗೈ ಅಗಲದ ತೇಪೆಗೆ ದಶಕಗಳ ವಯಸ್ಸು ಇರುವುದು ಸಾಮಾನ್ಯ.

ಹುಳುಗಳನ್ನು ಹತ್ತಿರದಿಂದ ನೋಡುವ ಆಸೆ ಇದ್ದರೆ ಒಂದೆರಡನ್ನು ಮಾತ್ರ, ಉದುರಿ ಬಿದ್ದ ರೆಂಬೆಯ ಕಲ್ಲುಹೂವಿನ ಸಮೇತ, ಗಾಳಿಯಾಡುವ ಡಬ್ಬಿಯಲ್ಲಿ ಇಡಿ. ಬರಿಗೈಯಲ್ಲಿ ಮುಟ್ಟಬೇಡಿ, ಕೂದಲಿನಿಂದ ಕೆಲವರಿಗೆ ತುರಿಕೆ ಬರುತ್ತದೆ. ಸಂಜೆ ಹೊತ್ತು ಮಳೆನೀರನ್ನು ಸ್ವಲ್ಪ ಚಿಮುಕಿಸಿ, ಬೆಳಿಗ್ಗೆ ಒಣಗಲು ಬಿಡಿ. ಇಡೀ ದಿನ ಒದ್ದೆ ಇಟ್ಟರೆ ಬೂಷ್ಟು ಹಿಡಿದು ಹುಳು ಸಾಯುತ್ತದೆ, ಪೂರಾ ಒಣಗಿಸಿಟ್ಟರೆ ಹಸಿದು ಸಾಯುತ್ತದೆ. ಮೊದಲು ಕಂಡ ಕಲ್ಲುಹೂವಿನ ಬಗೆಯನ್ನೇ ಕೊಡಿ, ಬೇರೆಯದನ್ನು ಮುಟ್ಟದೆಯೂ ಇರಬಹುದು. ಪಂಜರ ಕಟ್ಟಿದ ಮೇಲೆ ಅದನ್ನು ಜಾಗದಿಂದ ಕೀಳಬೇಡಿ, ರೆಂಬೆಯನ್ನೇ ನೆರಳಿಗೆ ಸರಿಸಿ, ಪತಂಗ ಹೊರಬಂದು ರೆಕ್ಕೆ ಗಟ್ಟಿಯಾದ ಮೇಲೆ ಅದೇ ಮರದ ಹತ್ತಿರ ರಾತ್ರಿ ಬಿಟ್ಟುಬಿಡಿ.